ಊರು ನೋಡುವ ಬಯಕೆ

ಶಿವಕ್ಕ ಸೊಪ್ಪು ಮಾರುವವಳು. ಕಾಮಾಕ್ಷಿಪಾಳ್ಯದ ತೋಟಗಳಲ್ಲಿ ಬೆಳಗಾಗುವ ಮುಂಚೆ ದಂಟು, ಸಬ್ಬಸಿಗೆ ಕಿತ್ತು, ಬುಟ್ಟಿ ಹೊತ್ತು, ಮಾಗಡಿ ರಸ್ತೆ ಹಿಡಿದು ಪೇಟೆಗೆ ನಡೆದೇ ಹೋಗುತ್ತಿದ್ದಳು. ಸೋಮವಾರ ಮಾತ್ರ ಬುಟ್ಟಿಗೆ ರಜ. ಅವತ್ತು ಕೇರಿಯ ಹೆಂಗಸರನ್ನು ಕಟ್ಟಿಕೊಂಡು ಬೆಂಗಳೂರು ತೋರಿಸಲು ಹೊರಡುವುದು ಅವಳ ಹುಚ್ಚು. ಕೂಲಿ ಕೇಳುತ್ತಿರಲಿಲ್ಲ, ಎಲೆ ಅಡಿಕೆ ಕೊಟ್ಟರೆ ಸಾಕಿತ್ತು. ಮೂರು ಮೈಲಿ ದೂರದ ರಾಜಧಾನಿಯನ್ನು ಕಣ್ಣಲ್ಲಿ ಕಾಣದೆ ಮುದುಕಿಯರಾದವರು ನಮ್ಮಲ್ಲಿ ಎಷ್ಟೋ ಮಂದಿ. ಗಿರಣಿಗೆ ಹೋಗಿಬರುವ ಗಂಡಸರು ಊರನ್ನೇ ತಾವು ಕಟ್ಟಿದವರಂತೆ ಸುದ್ದಿ ಹೇಳುವರು, ನಾವು ಕೇಳಬೇಕು. ಅದೇನು ದೊಡ್ಡಸ್ತಿಕೆಯೋ!

ವಿಧಾನಸೌಧ ಇನ್ನೂ ಏಳುತ್ತಿದ್ದ ಕಾಲ. ನಾನು ಕೆಂಗೇರಿ ಕಡೆಯಿಂದ ಬಂದ ಹೊಸ ಸೊಸೆ, ಚೊಚ್ಚಲ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಹೀಗೇ ಆದರೆ ಮಗು ಉಳಿಯುವುದು ಕಷ್ಟ ಎಂದು ಸೂಲಗಿತ್ತಿ ಹೇಳಿಹೋಗಿದ್ದಳು. ಅತ್ತೆ ಮುನಿತಾಯಮ್ಮ ಹುಣಸೆಕಾಯಿ, ಮಾವಿನಕಾಯಿ ಎಲ್ಲ ತಂದಿಟ್ಟು ಸೋತು, ಈಗ ಬೈಯಲು ಶುರುಮಾಡಿದ್ದರು. ಒಂದು ಬೆಳಿಗ್ಗೆ ಶಿವಕ್ಕ ಬಾಗಿಲಲ್ಲಿ ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು.

"ಬಾಯಿ ಬಿಟ್ಟು ಹೇಳು ಯಶೋದಾ, ನಿಂಗೇನು ಬಯಕೆ?"

"ಊರು ನೋಡ್ಬೇಕು ಶಿವಕ್ಕ."

ಅತ್ತೆ ಕೇರುತ್ತಿದ್ದ ಮೊರ ಕೆಳಗಿಟ್ಟರು. "ಬಯಕೆ ಅಂದ್ರೆ ಬಾಯಿಗೆ ಕಣೇ, ಕಾಲಿಗಲ್ಲ! ಬಸುರಿ ಬೀದಿ ಸುತ್ತೋದು ಯಾವ ಸೀಮೆ ಬಯಕೆ?"

"ತೀರಿಸ್ದಿದ್ರೆ ಮಗೀಗೆ ಕಿವಿ ಸೋರ್ತದೆ. ಆಮೇಲೆ ನನ್ನ ಅನ್ಬೇಡಿ" ಎಂದಳು ಶಿವಕ್ಕ.

ಆ ಮಾತಿಗೆ ನಮ್ಮಲ್ಲಿ ಎದುರಿಲ್ಲ. ಅತ್ತೆ ಒಪ್ಪಿದರು. ಆದರೆ ನನ್ನ ಕಾವಲಿಗೆ ತಾವೂ ಬರುತ್ತೇನೆಂದು ಹಟ ಹಿಡಿದರು. ಹೋಗುವಾಗ ನಡಿಗೆ, ಬರುವಾಗ ಜಟಕಾ ಎಂದು ತೀರ್ಮಾನವಾಯಿತು.

ಶಿವಕ್ಕನ ಬೆಂಗಳೂರೇ ಬೇರೆ. ಯಾವ ರಾಜ ಏನು ಕಟ್ಟಿಸಿದನೆಂಬುದು ಅವಳಿಗೆ ಗೊತ್ತಿರಲಿಲ್ಲ, ಆದರೂ ಧೈರ್ಯವಾಗಿ ಹೇಳುತ್ತಿದ್ದಳು. ಟಿಪ್ಪುವಿನ ಅರಮನೆಯನ್ನು ಕೆಂಪೇಗೌಡರ ಲೆಕ್ಕಕ್ಕೆ ಹಾಕಿಬಿಟ್ಟಳು. ಆದರೆ ಯಾವ ಗುಡಿಯ ಜಗಲಿಯಲ್ಲಿ ಕಾಲು ಚಾಚಬಹುದು, ಯಾವ ಮನೆಯವರು ಕೇಳಿದರೆ ತಣ್ಣನೆ ನೀರು ಕೊಡುತ್ತಾರೆ, ಅದೆಲ್ಲ ಅವಳಿಗೆ ಗೊತ್ತು. ಬಸುರಿಗೆ ಬೇಕಾದ ಚರಿತ್ರೆ ಅದೇ.

ಕೋಟೆಯ ಬಾಗಿಲ ನೆರಳಲ್ಲಿ ನಿಂತು ಅವಳು ಕತೆ ತೆಗೆದಳು. "ಈ ಊರಿನ ಕೋಟೆ ಬಾಗ್ಲು ಹಗಲು ನಿಲ್ಸಿದ್ರೆ ರಾತ್ರಿ ಬೀಳ್ತಿತ್ತಂತೆ. ಕೊನೆಗೆ ಗೌಡ್ರ ಸೊಸೆ, ತುಂಬಿದ ಬಸುರಿ, ತನ್ನನ್ನೇ ಬಲಿ ಕೊಟ್ಕೊಂಡ್ಳಂತೆ. ಆಮೇಲೆ ನಿಂತ್ಕೊಂತಂತೆ."

ಅತ್ತೆ ಕೆಂಡವಾದರು. "ಬಸುರಿ ಮುಂದೆ ಹೇಳೋ ಕತೆಯೇನೇ ಇದು? ಮುಚ್ಚು ಬಾಯಿ!" ಎಂದವರೇ ನನ್ನ ಕೈ ಹಿಡಿದು ಎಳೆದುಕೊಂಡು ಬಾಗಿಲು ದಾಟಿದರು. ದೊಡ್ಡಪೇಟೆ ಮುಗಿಯುವವರೆಗೂ ಆ ಕೈ ಬಿಡಲಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆ ನನ್ನ ಕೈ ಹಿಡಿದದ್ದು ಅದೇ ಮೊದಲು.

ವಿಧಾನಸೌಧದ ಸುತ್ತ ಸಾರುವೆ ಕಟ್ಟಿತ್ತು, ಉಳಿಯ ಸದ್ದು ಕಿವಿ ತುಂಬುತ್ತಿತ್ತು. ಅತ್ತೆ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ, ಕಲ್ಲು ಕೆತ್ತುತ್ತಿದ್ದವನನ್ನು ಕೇಳಿದರು. "ಏನಪ್ಪಾ, ಇದು ನಿಲ್ಲೋಕೆ ಯಾರ ಮನೆ ಸೊಸೇನ ಕೊಟ್ರಿ?"

"ಯಾರ್ನೂ ಕೊಟ್ಟಿಲ್ಲ ಕಣಮ್ಮ, ಸಿಮೆಂಟ್ ಹಾಕವ್ರೆ" ಎಂದು ಅವನು ನಕ್ಕ. ಅತ್ತೆ ನಗಲಿಲ್ಲ. "ಒಳ್ಳೇದಾಯ್ತು ಬಿಡು" ಎಂದರು.

ಮರದಡಿ ಕೂತು ಅತ್ತೆ ಬುತ್ತಿ ಬಿಚ್ಚಿ, ಹುಳಿಯನ್ನದ ತುತ್ತು ಕಟ್ಟಿ ನನ್ನ ಕಡೆ ಚಾಚಿದರು. ವಾಸನೆ ತಾಳದೆ ನಾನು ಮುಖ ತಿರುಗಿಸಿದೆ. ಆಗ ಶಿವಕ್ಕ ಕೇಳಿದಳು, "ನೀವು ಬಸುರಿಯಾಗಿದ್ದಾಗ ನಿಮ್ಗೇನು ಬಯಕೆ ಆಗಿತ್ತಮ್ಮಾ?"

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. "ಐದು ಹೆತ್ತೆ. ಯಾರೂ ಕೇಳ್ಲಿಲ್ಲ ಕಣೇ" ಎಂದರು ಅತ್ತೆ. ಅವರ ಕಣ್ಣು ತುಂಬಿತು. ನನ್ನದೂ ತುಂಬಿತು.

ಬಯಕೆಯ ಬುತ್ತಿಯನ್ನು ಬಸುರಿ ಉಣ್ಣುವ ಮೊದಲು ಬೇರೆಯವರು ಬಾಯಿಗಿಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಆದರೂ ಆ ತುತ್ತನ್ನು ಅತ್ತೆಯ ಕೈಯಿಂದ ತೆಗೆದು ಅವರ ಬಾಯಿಗೇ ಇಟ್ಟೆ. ಅವರು ಬೇಡವೆನ್ನಲಿಲ್ಲ. ನಿಧಾನವಾಗಿ ಅಗಿದು, "ಉಪ್ಪು ಕಮ್ಮಿ" ಎಂದರು. ನನಗೆ ನಗು ಬಂತು, ನಗುತ್ತಲೇ ಉಂಡೆ. ಜಟಕಾದ ಕುಲುಕಾಟಕ್ಕೂ ಉಂಡದ್ದು ಮೇಲೆ ಬರಲಿಲ್ಲ.

ಮನೆಯ ಮುಂದೆ ಇಳಿದಾಗ ನನ್ನ ಹಿಂದೆ ಅತ್ತೆಯ ದನಿ ಕೇಳಿತು.

"ಶಿವಕ್ಕಾ, ಮುಂದಿನ ಸೋಮ್ವಾರ ಎಲ್ಲಿಗೇ?"

ನನ್ನ ಮಗಳು ಉಳಿದಳು. ಅವಳು ಹುಟ್ಟುವ ಹೊತ್ತಿಗೆ ನನಗೊಬ್ಬ ತಾಯಿಯೂ ಮನೆಯಲ್ಲೇ ಸಿಕ್ಕಿದ್ದಳು. ಎರಡೂ ಶಿವಕ್ಕ ಕೊಟ್ಟದ್ದು, ಆ ಋಣ ನನ್ನ ಮೇಲಿದೆ.