ಚಿಕ್ಕಬೆಣಕಲ್ ತನಕ ಹಿಡಿದ ಸೀಟು

ಗಂಗಾವತಿಯಿಂದ ಬೆಳಿಗ್ಗೆ ಕೊಪ್ಪಳಕ್ಕೆ ಹೋಗುವ ರೈಲಿನಲ್ಲಿ ನಾನು ಈಗಲೂ ಕಿಟಕಿಯ ಪಕ್ಕ ಕೂಡುವುದಿಲ್ಲ. ಕೂಡಬಾರದೆಂದು ಯಾರೂ ಹೇಳಿಲ್ಲ. ಅದು ಕಾಕಾ ಕೂಡುತ್ತಿದ್ದ ಜಾಗ, ಅಷ್ಟೇ. ಕಾಕಾ ಬರದೆ ವರ್ಷಗಳೇ ಆದವು.

ಕೊರೊನಾಕ್ಕೆ ಮೊದಲು, ನಮ್ಮ ಊರಿಗೆ ರೈಲು ಇನ್ನೂ ಹೊಸದಾಗಿದ್ದಾಗ, ನಾವು ನಾಲ್ಕು ಜನ ಒಂದೇ ಡಬ್ಬಿಯಲ್ಲಿ ಕೂಡುತ್ತಿದ್ದೆವು. ನಾನು ಕೊಪ್ಪಳದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ನನ್ನ ಎದುರಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ, ಅವರ ಪಕ್ಕದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಮೂವರೂ ಗಂಗಾವತಿಯಲ್ಲಿ ಹತ್ತುತ್ತಿದ್ದೆವು. ಕಾಕಾ ಹತ್ತುತ್ತಿದ್ದುದು ಮುಂದೆ, ಚಿಕ್ಕಬೆಣಕಲ್‌ನಲ್ಲಿ. ಅಷ್ಟರಲ್ಲಿ ಸೀಟುಗಳು ತುಂಬಿರುತ್ತಿದ್ದವು. ಹಾಗಾಗಿ ಕಿಟಕಿಯ ಪಕ್ಕದ ಸೀಟಿನ ಮೇಲೆ ನಮ್ಮಲ್ಲಿ ಯಾರಾದರೊಬ್ಬರು ಟವೆಲ್ ಹಾಸಿ ಅವರಿಗಾಗಿ ಹಿಡಿದಿಡುತ್ತಿದ್ದರು. ಟವೆಲ್ ಬಿದ್ದ ಸೀಟನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ.

ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ. ನಾನು ಸರ, ಆಕೆ ಅಕ್ಕಾರು, ಅವನು ಮೊಬೈಲ್, ಅವರು ಕಾಕಾ. ದಿನಾ ಒಂದೇ ಬುತ್ತಿಯಿಂದ ರೊಟ್ಟಿ ಮುರಿದುಕೊಂಡು ತಿನ್ನುವವರ ನಡುವೆ ಹೆಸರು ಕೇಳುವುದೆಂದರೆ ಅವರನ್ನು ಹೊರಗಿನವರೆಂದು ತಿಳಿದಂತೆ.

ಕಾಕಾಗೆ ಒಂದು ಅಭ್ಯಾಸವಿತ್ತು. ರೈಲು ಹೊರಟು ಗದ್ದೆಗಳು ಮುಗಿದು ಬಂಡೆಗುಡ್ಡಗಳು ಕಾಣಿಸತೊಡಗಿದಾಗ ಕಿಟಕಿಯ ಸರಳಿಗೆ ಹಣೆ ಹಚ್ಚಿ, ದೂರದ ಒಂದು ಗುಡ್ಡಕ್ಕೆ ಕೈ ಮುಗಿಯುತ್ತಿದ್ದರು. ಅದು ಅಂಜನಾದ್ರಿಯಂತೆ. ನನಗೆ ಸುಮ್ಮನಿರಲು ಆಗಲಿಲ್ಲ.

"ಕಾಕಾ, ಅಂಜನಾದ್ರಿ ಇರೂದು ಆನೆಗೊಂದಿ ಕಡಿ. ಇಲ್ಲಿಂದ ಕಾಣೂದಿಲ್ಲ. ನೀವು ಮುಗಿಯೂದು ಬ್ಯಾರೆ ಗುಡ್ಡಕ್ಕ."

"ಕಾಣೂದಿಲ್ಲ ಅಂದ್ರ ಚಸ್ಮಾ ಬದಲಿ ಮಾಡಸ್ರಿ ಸರ."

"ಪುರಾವೆ ಏನೈತಿ?"

"ಪುರಾವೆ ಕೊಡಾಕ ನಾ ಏನ್ ಕೋರ್ಟಿಗೆ ಬಂದೀನೇನ್ರಿ?"

ಮರುದಿನ ಅವರು ನನ್ನ ಮುಖ ನೋಡುತ್ತಲೇ ಒಂದಾದ ಮೇಲೊಂದರಂತೆ ಕಂಡ ಗುಡ್ಡಗಳಿಗೆಲ್ಲ ಕೈ ಮುಗಿದರು. "ಇಷ್ಟರಾಗ ಯಾವುದರ ಒಂದು ಇರಬೇಕಲ್ರಿ, ಸರಗ ಸಮಾಧಾನ ಆಗ್ಲಿ" ಎಂದರು. ಅಕ್ಕ ನಕ್ಕು ನಕ್ಕು ನೆತ್ತಿಗೆ ನೀರು ಹತ್ತಿಸಿಕೊಂಡರು. ಇದು ನಿಜವಾಗಿ ಮರುದಿನವೇ ನಡೆಯಿತೋ ಎಷ್ಟೋ ದಿನಗಳ ಮೇಲೋ, ಹೇಳಲಾರೆ. ನೆನಪಿನಲ್ಲಿ ಎರಡೂ ಅಂಟಿಕೊಂಡಿವೆ.

ಆಮೇಲೆ ಕೊರೊನಾ ಬಂದು ರೈಲೇ ನಿಂತುಹೋಯಿತು. ಕಾಲೇಜು ಮೊಬೈಲಿನೊಳಗೆ ಬಂತು. ಕೊನೆಯ ದಿನ ಕೊಪ್ಪಳದ ಪ್ಲಾಟ್‌ಫಾರ್ಮ್ ಮೇಲೆ ಕಾಕಾ "ನಾಳಿಗೆ ಜಗಳಾ ಮುಂದುವರಸೂಣು" ಎಂದಿದ್ದರೆಂದು ನನ್ನ ನೆನಪು. ಎಂದಿದ್ದರೇ? ಅಥವಾ ಮನೆಯಲ್ಲಿ ಕೂತ ತಿಂಗಳುಗಳಲ್ಲಿ ನಾನೇ ಅವರ ಬಾಯಿಗೆ ಆ ಮಾತು ಹಾಕಿದೆನೇ? ಸಾಕ್ಷಿ ಇಲ್ಲದ ಮಾತನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನು ನಾನು.

ರೈಲು ಮತ್ತೆ ಓಡತೊಡಗಿದ ಮೇಲೆ ನಾವು ಮೂವರೂ ಅದೇ ಡಬ್ಬಿಗೆ ಬಂದೆವು. ಎಲ್ಲರ ಬಾಯಿ ಮೂಗು ಮುಚ್ಚಿದ್ದವು. ಮೊದಲ ದಿನ ಕೈ ತಾನಾಗಿಯೇ ಜೇಬಿಗೆ ಹೋಗಿ ಕಿಟಕಿಯ ಸೀಟಿನ ಮೇಲೆ ಕರ್ಚೀಫು ಹಾಸಿತು. ಚಿಕ್ಕಬೆಣಕಲ್‌ನಲ್ಲಿ ಹತ್ತಿದವರ ಹಣೆಗಳನ್ನೇ ಹುಡುಕಿದೆ. ಕಾಕಾ ಬರಲಿಲ್ಲ. ಮರುದಿನ ಅಕ್ಕ ತಮ್ಮ ಚೀಲ ಇಟ್ಟರು. ಅದರ ಮರುದಿನ ಮೊಬೈಲ್ ತನ್ನ ಟವೆಲ್ ಹಾಸಿದ. ಹೀಗೇ ನಡೆಯಿತು. ಕಾಕಾ ಏನಾದರೆಂದು ಅಕ್ಕನಿಗೆ ತಿಳಿದಿರಬೇಕೆಂದು ನಾನು ಅಂದುಕೊಂಡಿದ್ದೆ. ನನಗೆ ತಿಳಿದಿದೆಯೆಂದು ಅಕ್ಕ. ಕೆಟ್ಟ ಸುದ್ದಿ ಕಿವಿಗೆ ಬೀಳುವುದು ಬೇಡವಾಗಿ ಯಾರೂ ಯಾರನ್ನೂ ಕೇಳಲಿಲ್ಲ. ಸೀಟು ಹಿಡಿಯುತ್ತಿರುವವರೆಗೆ ಕಾಕಾ ಬರುವವರೇ ಆಗಿದ್ದರು.

ಈಗ ರೈಲು ಕಾರಟಗಿಯಿಂದ ಬರುತ್ತದೆ, ಗಂಗಾವತಿ ಮುಟ್ಟುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ಕಿಟಕಿಯಿಂದಲೇ ಟವೆಲ್ ಎಸೆದು ಸೀಟು ಹಿಡಿಯಬೇಕು. ಈ ಸುಗ್ಗಿಯ ದಿನಗಳಲ್ಲಿ ಒಂದು ಬೆಳಿಗ್ಗೆ ವಯಸ್ಸಾದ ಹೆಂಗಸೊಬ್ಬರು ಮೊಣಕಾಲು ಒತ್ತಿಕೊಳ್ಳುತ್ತ ಬಂದು ಆ ಸೀಟಿನ ಮುಂದೆ ನಿಂತರು.

"ಇದು ಯಾರ ಟಾವೆಲ್ರಪಾ? ಎತ್ತರಿ, ನನ್ನ ಕಾಲು ನಿಲ್ಲವಲ್ಲವು."

"ನಮ್ಮ ಕಾಕಾ ಬರ್ತಾರಬೇ, ಚಿಕ್ಕಬೆಣಕಲ್‌ನಾಗ ಹತ್ತತಾರ" ಎಂದ ಮೊಬೈಲ್.

"ನನ್ನ ತವರಮನಿ ಅದ. ಯಾರ ಮನ್ಯಾರು? ಹೆಸರೇನು?"

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇಷ್ಟು ದಿನ ತಪ್ಪಿಸಿಕೊಂಡು ಬಂದ ಉತ್ತರ ಸೆರಗು ಹೊದ್ದು ಎದುರಿಗೇ ನಿಂತಿತ್ತು.

"ಹೆಸರು ಗೊತ್ತಿಲ್ಲಬೇ" ಎಂದೆ. "ಎತ್ತರ ಇದ್ರು. ಹಣಿಮ್ಯಾಲ ಇಭೂತಿ. ಬಟ್ಟಿ ಅಂಗಡ್ಯಾಗ ಕೆಲಸ."

"ಇಭೂತಿ ಎಲ್ಲೀದ್ರಿ ಸರ? ಕುಂಕುಮ" ಎಂದರು ಅಕ್ಕ. "ಮತ್ತ ಅವರು ನನ್ನಕಿಂತ ಗಿಡ್ಡ. ಕೋರ್ಟಿನ್ಯಾಗ ಜವಾನ ಇದ್ರು."

"ಇಬ್ಬರೂ ಏನ್ ಹೇಳಾಕತ್ತೀರಿ? ಟೊಪಗಿ ಹಾಕ್ಕೋತಿದ್ರು, ಹಣಿ ಎಲ್ಲಿ ಕಾಣ್ತಿತ್ತು? ಬೀಜದ ಅಂಗಡಿಯವರು ಅವರು" ಎಂದ ಮೊಬೈಲ್.

ಮುದುಕಿ ಬಾಯಿಗೆ ಸೆರಗು ಹಿಡಿದು ನಕ್ಕರು. "ನೀವು ಹೇಳಾಕತ್ತಿದ್ದು ಮೂರು ಮಂದೀನ. ಮೂರು ಮಂದಿಗೆ ಒಂದ ಸೀಟು ಹಿಡಿದೀರಿ?"

"ಗುಡ್ಡಕ್ಕ ಕೈ ಮುಗೀತಿದ್ರು" ಎಂದೆ. ನನ್ನ ಬಳಿ ಉಳಿದಿದ್ದ ಕೊನೆಯ ಗುರುತು ಅದು.

"ಅಯ್ಯ, ನಮ್ಮೂರಾಗ ಗುಡ್ಡಕ್ಕ ಮುಗಿಲಾರದಾರು ಯಾರದಾರಪಾ?"

ಅಕ್ಕ ಕಿಟಕಿಯಾಚೆ ನೋಡತೊಡಗಿದರು. ನಾನು ಟವೆಲ್ ಎತ್ತಿದೆ. ಮುದುಕಿ ಕುಳಿತು, "ಅವರು ಬಂದ್ರ ಏಳ್ತೀನಿ ಬಿಡ್ರಿ" ಎಂದರು.

ಚಿಕ್ಕಬೆಣಕಲ್ ಬಂತು. ನಾನು ಟವೆಲ್ ಹಿಡಿದುಕೊಂಡೇ ಬಾಗಿಲಿಗೆ ಹೋದೆ. ಕೆಲವರು ಹತ್ತಿದರು. ಎತ್ತರದವರೊಬ್ಬರು, ಗಿಡ್ಡನೆಯವರೊಬ್ಬರು, ಟೊಪ್ಪಿಗೆಯವರು ಕೂಡ. ಯಾರೂ ನನ್ನನ್ನು ನೋಡಿ ನಗಲಿಲ್ಲ. ರೈಲು ಹೊರಟ ಮೇಲೆ ಕಣ್ಣು ಗುಡ್ಡಸಾಲಿನ ಮೇಲೆ ಹರಿಯಿತು. ಕಾಕಾ ತೋರಿಸುತ್ತಿದ್ದುದು ಯಾವುದು? ತುದಿಗೆ ಚಪ್ಪಟೆಯಾಗಿದ್ದುದೇ, ಒಂಟಿ ಬಂಡೆ ಹೊತ್ತುದೇ? ಅದು ಅಂಜನಾದ್ರಿ ಅಲ್ಲವೆಂದು ಅಷ್ಟು ಖಚಿತವಾಗಿ ವಾದಿಸಿದವನಿಗೆ ಈಗ ಯಾವ ಗುಡ್ಡವನ್ನು ಅಲ್ಲವೆಂದದ್ದು ಎಂಬುದೇ ಗೊತ್ತಿಲ್ಲ. ಅವರು ಬಂದು ಮತ್ತೊಮ್ಮೆ ಬೆರಳು ಮಾಡಿ ತೋರಿಸಿದ್ದರೆ ಸಾಕಿತ್ತು. ಆ ದಿನ ಜಗಳವನ್ನೂ ಬಿಟ್ಟುಬಿಡುತ್ತಿದ್ದೆ. ಇಲ್ಲ, ಬಿಡುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಆ ಜಗಳವೇ.

ಕೊಪ್ಪಳದಲ್ಲಿ ಇಳಿಯುವಾಗ ಅಕ್ಕ ಕೇಳಿದರು. "ನಾಳಿಗೆ ಹ್ಯಾಂಗ್ರಿ ಸರ?"

"ಸಾಕು ಬಿಡ್ರಿ ಅಕ್ಕಾರ. ನಿಂತು ಬರೂ ಮಂದಿ ಭಾಳ ಅದಾರ."

ಮರುದಿನ ಬೆಳಿಗ್ಗೆ ನಾನು ಜೇಬಿಗೆ ಕೈ ಹಾಕಲಿಲ್ಲ. ರೈಲು ಬಂದು ನಿಲ್ಲುತ್ತಿದ್ದಂತೆ ಮೊಬೈಲ್ ಓಡಿಹೋಗಿ ಕಿಟಕಿಯಿಂದ ಟವೆಲ್ ಎಸೆದ. ನಾನು ಅವನ ಕಡೆ ನೋಡಿದೆ.

"ಚಿಕ್ಕಬೆಣಕಲ್ ತನಕ ಅಷ್ಟರಿ ಸರ" ಎಂದ. "ಮುಂದ ಯಾರರ ಕೂಡ್ಲಿ."

ಈಗ ಹಾಗೇ ನಡೆದಿದೆ.