ಅಕ್ಕನನ್ನು ಇಳಿಸಿದ ದಿನ

ಅಧಿಕಾರದಿಂದ ಕಿತ್ತುಹಾಕುವುದಕ್ಕೆ ಪೇಪರಿನವರು ‘ಪದಚ್ಯುತಿ’ ಎಂದು ಬರೆಯುತ್ತಾರೆ. ನಮ್ಮ ರೋಣದ ಕಡೆ ‘ಇಳಿಸೋದು’ ಎನ್ನುತ್ತೇವೆ. ಇಳಿಸುವುದು ಎಂದರೇನೆಂದು ನಾನು ಕಣ್ಣಾರೆ ಕಂಡಿದ್ದೇನೆ.

ನನ್ನ ಅಕ್ಕ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಅವಳ ಮೇಲೆ ಅವಿಶ್ವಾಸದ ಸಭೆ ಕರೆದಿದ್ದರು. ಹಿಂದಿನ ದಿನ ಸದಸ್ಯರೆಲ್ಲ ಮನೆಗೆ ಬಂದರು.

“ಇಟಗಿ ಭೀಮವ್ವನ ಗುಡಿಗೆ ಹೊಂಟೇವ್ರಿ. ನಿಮ್ಮ ಕಡೀನ ಇರ್ತೀವಂತ ಆಣಿ ಮಾಡಿ ಬರ್ತೀವಿ.”

ಅಕ್ಕ ನಂಬಿದಳು. ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ, ಕ್ರೂಸರ್ ಗಾಡಿಯವರೆಗೆ ತಾನೇ ಹೊತ್ತು ಕೊಟ್ಟಳು.

ಮರುದಿನ ಅವರು ಗುಡಿಯಿಂದ ನೇರ ಸಭೆಗೇ ಬಂದಿಳಿದರು. ಹಣೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ. ಅವಿಶ್ವಾಸದ ಪರ ಎಲ್ಲರೂ ಕೈ ಎತ್ತಿದರು. ಮೊದಲ ಕೈ ಅಕ್ಕನ ನೆಗೆಣ್ಣಿಯದು, ಅಂದರೆ ಮೈದುನನ ಹೆಂಡತಿಯದು; ಅವಳೂ ಸದಸ್ಯೆ.

“ದೇವರ ಮುಂದ ಆಣಿ ಮಾಡಿದ್ರಲ್ಲ?” ಅಕ್ಕ ಕೇಳಿದಳು.

“ಮಾಡೇವ್ರಿ ಅಕ್ಕಾ. ನಿಮ್ಮನ್ನ ಇಳಿಸೇ ತೀರ್ತೀವಂತ ಮಾಡೇವಿ.”

ಯಾರೋ ಕಿಸಕ್ಕನೆ ನಕ್ಕರು. ನೆಗೆಣ್ಣಿ ಬುತ್ತಿಯ ಖಾಲಿ ಅರಿವೆಯನ್ನು ಝಾಡಿಸಿ, ಮಡಚಿ, ಅಕ್ಕನ ಮುಂದಿಟ್ಟಳು.

“ರೊಟ್ಟಿ ಭಾಳ ಚಲೋ ಆಗಿದ್ವು ನೋಡ್ರಿ. ಇನ್ನ ಕುರ್ಚಿ ಬಿಟ್ಟು ಏಳ್ರಿ.”