ಮೂರನೆಯ ಫೋನು

ಆ ಸೋಮವಾರ ಬೆಳಿಗ್ಗೆ ನನ್ನ ಗಂಡ ಎರಡು ರೊಟ್ಟಿ ತಿಂದು, ಬುತ್ತಿ ಮರೆತು ಹೋದರು. ಹೆಸರು ಉಳವಪ್ಪ. ಬದುಕಿದ್ದಾಗ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಬರೆಯುತ್ತಿದ್ದೇನೆ.

ನಮ್ಮ ಮನೆ ಖಾನಾಪುರದಲ್ಲಿ. ಅವರ ಕೆಲಸ ಗುಂಜಿ ಆಚೆ, ಕಾಡಂಚಿನ ಮೊಬೈಲ್ ಟವರಿನಲ್ಲಿ. ಒಂದೇ ಟವರು, ಅದರಲ್ಲಿ ಮೂರು ಫೋನ್ ಕಂಪನಿ. ಆದರೆ ಟವರು ಆ ಮೂವರದೂ ಅಲ್ಲ. ಇದೆಂಥ ಕಾರಭಾರ ಎಂದು ಒಮ್ಮೆ ಕೇಳಿದ್ದೆ.

“ಹಿಟ್ಟಿನ ಗಿರಣಿ ಇದ್ದಂಗ. ನೀ ಮನ್ಯಾಗ ಗಿರಣಿ ಇಟ್ಟೀಯೇನ? ಬೀಸಿದಷ್ಟಕ್ಕ ರೊಕ್ಕ ಕೊಡ್ತಿ. ಹಂಗ ನಮ್ಮ ಮಾಲಕರು ಟವರು, ಮಷಿನ್, ಬ್ಯಾಟರಿ, ಆಳು ಎಲ್ಲಾ ಇಟ್ಟಾರ. ಕಂಪನಿಯವರು ಬಳಸಿದಷ್ಟಕ್ಕ ಕೊಡ್ತಾರ. ಅಡವ್ಯಾಗಿನ ನಾಕು ಮನಿಗೆ ಸ್ವಂತ ಟವರ್ ಯಾರ್ ಹಾಕ್ತಾರ? ಬಾಡಗಿ ಅಂತನ ಮೂವರೂ ಬಂದಾರ.”

“ಮಷಿನ್ ಕೆಟ್ರ?”

“ತಲಿನೋವು ಅವರಿಗಿಲ್ಲ, ನನಗ.” ನಕ್ಕರು. “ಅವರಿಗೆ ಅದ ಲಾಭ.”

ಅವರ ಕಿಸೆಯಲ್ಲಿ ಎರಡು ಮೊಬೈಲು, ಮೂರು ಕಂಪನಿಯ ಮೂರು ಸಿಮ್. ದಿನಾ ಎಂಟಕ್ಕೆ ಟವರಿನ ಬುಡದಲ್ಲಿ ನಿಂತು ಮೂರರಿಂದಲೂ ನನಗೆ ಫೋನ್ ಮಾಡುತ್ತಿದ್ದರು. “ಬಂತೇನ?” ಎನ್ನುವರು. ನಾನು “ಬಂತು” ಎನ್ನಬೇಕು. ಧ್ವನಿ ಎರಡೂ ಕಡೆ ಮುಟ್ಟಿದರೆ ಆ ಕಂಪನಿಯ ಲೈನ್ ಸರಿ. ಏಳು ವರ್ಷ ಹೀಗೇ.

ಆ ದಿನ ಮೊದಲ ಫೋನಿಗೆ ಬಂತು ಎಂದೆ. ಎರಡನೆಯದಕ್ಕೆ, “ಬುತ್ತಿ ಯಾರ್ ಒಯ್ಬೇಕು, ನಿಮ್ಮ ಟವರೇನ?” ಎಂದೆ.

“ಏ, ಡ್ಯೂಟಿ ಮ್ಯಾಲ ಇದ್ದಾಗ ಬೈಬ್ಯಾಡ. ಬಂತೋ ಇಲ್ಲೋ?”

“ಬಂತು, ಬಂತು.”

ಮೂರನೆಯದನ್ನು ಎತ್ತಿ, ಚೇಷ್ಟೆಗೆ ಸುಮ್ಮನೆ ಕುಳಿತೆ.

“ಬಂತೇನ? ಸಂಗವ್ವಾ? ಹಲೋ?”

ನನಗೆ ನಗು. ಸೆರಗನ್ನು ಬಾಯಿಗೆ ಒತ್ತಿಕೊಂಡೆ. “ಧ್ವನಿ ಬರವಲ್ದು” ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಇಟ್ಟರು. ಮತ್ತೆ ಮಾಡುತ್ತಾರೆ ಎಂದು ರೊಟ್ಟಿ ಬಡಿದೆ.

ಮಾಡಲಿಲ್ಲ. ಲೈನ್ ಬಂದ್ ಬಿದ್ದರೆ ಮಾಲಕರಿಗೆ ತಾಸಿನ ಲೆಕ್ಕದಲ್ಲಿ ದಂಡ. ಟವರ್ ಹತ್ತುವವರು ಬೆಳಗಾವಿಯಿಂದ ಬರಲು ಮಧ್ಯಾಹ್ನವಾಗುತ್ತದೆ. ಅಲ್ಲಿ ದನ ಮೇಯಿಸುತ್ತಿದ್ದ ಲಕ್ಷ್ಮಪ್ಪನಿಗೆ, “ಮೂರನೇದು ಬಂದ್ ಬಿದ್ದೈತಿ, ವೈರ್ ನೋಡಿ ಬರ್ತೇನಿ” ಎಂದರಂತೆ. ಆಗಷ್ಟೇ ಮಳೆ ನಿಂತಿತ್ತು. ಕಬ್ಬಿಣ ಒದ್ದೆ. ಟವರ್ ಹತ್ತುತ್ತ ಅರ್ಧದಿಂದ ಬಿದ್ದರು. ದವಾಖಾನೆ ಮುಟ್ಟಲಿಲ್ಲ.

ತಿಂಗಳ ಮೇಲೆ ಪರಿಹಾರದ ಕಾಗದಕ್ಕೆ ಸಹಿ ಹಾಕಲು ಮಾಲಕರು ಬೆಳಗಾವಿಯ ಆಫೀಸಿಗೆ ಕರೆಸಿದರು. ಗೋಡೆ ತುಂಬ ಕಂಪ್ಯೂಟರ್ ಪರದೆ. ಅಲ್ಲಿನ ಶಶಿಧರ ಸಾಹೇಬರು ಆ ದಿನದ್ದನ್ನು ತೆಗೆದು ತೋರಿಸಿದರು. ಮೂರೂ ಕಂಪನಿಯ ಗೆರೆ ಹಸಿರು.

“ಅಕ್ಕಾರ, ಲೈನ್ ಏನೂ ಕೆಟ್ಟಿದ್ದಿಲ್ಲರಿ. ಕೆಟ್ಟೈತಿ ಅಂತ ಅವರು ಯಾಕ ತಿಳದ್ರೋ.”

ನನಗೆ ಗೊತ್ತಿತ್ತು. ಮೂರನೆಯ ಫೋನಿಗೂ ಬಾಯಿ ಬಿಟ್ಟಿರಲಿಲ್ಲ, ಅಲ್ಲಿಯೂ ಬಿಡಲಿಲ್ಲ.

ಏನಾದರೂ ಬೇಕಿದ್ದರೆ ಕೇಳ್ರಿ ಎಂದರು. ಹೊಸ ಆಳು ದಿನಾ ನನಗೇ ಫೋನ್ ಮಾಡಲಿ ಎಂದೆ.

“ಅದರ ಜರೂರ ಇಲ್ಲರಿ, ಎಲ್ಲಾ ಇಲ್ಲೇ ಕಾಣಸ್ತೈತಿ.”

“ಜರೂರ ಐತ್ರಿ” ಎಂದೆ.

ಈಗ ಹೊಸ ಆಳು ಸೋಮಲಿಂಗ ಮಾಡುತ್ತಾನೆ, ಎಂಟಕ್ಕೆ. ಹಿಟ್ಟಿನ ಕೈ ಸೆರಗಿಗೆ ಒರೆಸಿ ಎತ್ತುತ್ತೇನೆ. “ಬಂತೇನ್ರಿ ಅಕ್ಕಾರ?” ಬಂತು. ಮತ್ತೆ. ಬಂತು. ಮೂರನೆಯದು ಬರುವಾಗ ರೊಟ್ಟಿ ಹಂಚಿನ ಮೇಲಿರುತ್ತದೆ. ಹೊತ್ತಿದರೆ ಹೊತ್ತಲಿ. ಅವನು ಕೇಳುವ ಮೊದಲೇ ಬಂತು ಎನ್ನುತ್ತೇನೆ.